‘ಲಾಭ’ ಎಂದವರು ಯಾರು?

ದೆವ್ವದ ಕತೆ ಹೇಳುವವರನ್ನು ನಾನು ಎಂದೂ ಸುಮ್ಮನೆ ಬಿಟ್ಟವಳಲ್ಲ. “ನೋಡಿದ್ದು ನೀವಾ, ನಿಮ್ಮ ಭಾವಮೈದುನನಾ?” ಎಂದೇ ಶುರು ಮಾಡುತ್ತಿದ್ದೆ. ನೋಡಿದ್ದು ಯಾವಾಗಲೂ ಭಾವಮೈದುನನೋ ಅವನ ಸ್ನೇಹಿತನೋ ಆಗಿರುತ್ತಿದ್ದ. ಆಮೇಲೆ ಬೆಳಕು ಎಷ್ಟಿತ್ತು, ಹೊಟ್ಟೆಗೆ ಏನು ಬಿದ್ದಿತ್ತು, ಮೈಯಲ್ಲಿ ಜ್ವರವಿತ್ತೇ ಎಂದು ಕೇಳುತ್ತಾ ಹೋದರೆ, ಕತೆ ಹೇಳುವವರು ಮುಖ ಸಿಂಡರಿಸಿಕೊಂಡು ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದರು. ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ನಮ್ಮ ಕನ್ನಡದವರ ಪಾಟ್‌ಲಕ್ಕುಗಳಲ್ಲಿ ನನಗೆ ‘ಲಾಯರಮ್ಮ’ ಎಂದು ಹೆಸರೇ ಬಿದ್ದಿತ್ತು. ನಾನು ಲಾಯರಲ್ಲ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಜೀವಕೋಶಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಎಡಗೈಯಲ್ಲಿ, ಒತ್ತಿದರೆ ಟಿಕ್ ಎನ್ನುವ ಒಂದು ಪುಟ್ಟ ಯಂತ್ರ. ಕಣ್ಣು ನೋಡುತ್ತಾ ಹೋಗುತ್ತದೆ, ಬೆರಳು ಒತ್ತುತ್ತಾ ಹೋಗುತ್ತದೆ. ಹಾಗೆ ಎಣಿಸಿ ಎಣಿಸಿ, ಎಣಿಕೆಗೆ ಸಿಗದ ಯಾವುದರ ಮೇಲೂ ನನಗೆ ಗೌರವ ಉಳಿದಿರಲಿಲ್ಲ.

ಅಂಥವಳು ಇದನ್ನು ಬರೆಯುತ್ತಿದ್ದೇನೆ. ನಗಬೇಕೆನಿಸಿದರೆ ಧಾರಾಳವಾಗಿ ನಗಿ, ನಾನೂ ನಿಮ್ಮ ಜಾಗದಲ್ಲಿದ್ದರೆ ನಗುತ್ತಿದ್ದೆ. ಒಂದೇ ಒಂದು ಮಾತು: ಇದು ಭಾವಮೈದುನ ನೋಡಿದ್ದಲ್ಲ. ನಾನೇ ಕಿವಿಯಾರೆ ಕೇಳಿದ್ದು.

ಎಂಬತ್ತರ ದಶಕದ ಮಾತು. ನಾನು ಮತ್ತು ನನ್ನ ಗಂಡ ಶಿವಾನಂದ ಆಗ ಫಾಸ್ಟರ್ ಸಿಟಿಯಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಕ್ಕಳಿನ್ನೂ ಆಗಿರಲಿಲ್ಲ. (ಬರೆಯುವುದಕ್ಕೆ ಹೆಸರು ಬೇಕಲ್ಲ ಎಂದು ಗಂಡನ ಹೆಸರು ಬರೆದೆ, ಮನೆಯಲ್ಲಿ ನಾನು ‘ರೀ’ ಎಂದೇ ಕರೆಯುವುದು.) ನಾನು ಮೈಸೂರಿನವಳು, ಅವರು ಹುಬ್ಬಳ್ಳಿಯವರು. ಅವರ ತಾತನಿಗೆ ಅಲ್ಲಿ ಅಕ್ಕಿ ಜೋಳದ ಅಂಗಡಿ ಇತ್ತು. ಅಂಗಡಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಅದರ ಒಂದು ಅಭ್ಯಾಸ ಮಾತ್ರ ನಮ್ಮ ಜೊತೆ ವಿಮಾನ ಹತ್ತಿ ಬಂದಿತ್ತು. ಅಳೆಯುವಾಗ ಅವರ ಬಾಯಲ್ಲಿ ‘ಒಂದು’ ಎಂಬ ಮಾತು ಬರುತ್ತಲೇ ಇರಲಿಲ್ಲ. ನಮ್ಮ ಕಡೆ ಹಳಬರು ಧಾನ್ಯ ಅಳೆಯುವಾಗ ಮೊದಲ ಅಳತೆಗೆ ‘ಲಾಭ’ ಅನ್ನುವುದು ನಿಮಗೂ ಗೊತ್ತಿರುತ್ತದೆ: ಲಾಭ, ಎರಡು, ಮೂರು, ಹೀಗೆ. ಇವರದು ಧಾನ್ಯಕ್ಕೆ ಮುಗಿಯುತ್ತಿರಲಿಲ್ಲ. ಕುಕ್ಕರಿಗೆ ಪಾವಿನಲ್ಲಿ ಅಕ್ಕಿ ಅಳೆದು ಹಾಕುವಾಗ ಲಾಭ, ಕಾಫಿಪುಡಿಯ ಚಮಚಕ್ಕೆ ಲಾಭ, ಲಾಂಡ್ರಿ ಮೆಷಿನ್ನಿಗೆ ಹಾಕುವ ಸೋಪಿನ ಪುಡಿಗೂ ಲಾಭ. “ಬಟ್ಟೆ ಒಗೆಯೋದ್ರಲ್ಲಿ ಏನ್ ಲಾಭ ರೀ?” ಎಂದು ನಾನು ರೇಗಿಸುತ್ತಿದ್ದೆ. ಅವರು, “ಬಾಯಾಗ ಬರ್ತೈತಿ, ಏನ್ ಮಾಡ್ಲಿ” ಎಂದು ನಗುತ್ತಿದ್ದರು. ಅಳೆಯಲು ಶುರು ಮಾಡಿದ ಮೇಲೆ ನಡುವೆ ಬಿಟ್ಟು ಏಳುತ್ತಲೂ ಇರಲಿಲ್ಲ. ಫೋನು ಎಷ್ಟು ಹೊಡೆದುಕೊಂಡರೂ ಅಷ್ಟೇ. ಲಾಭ ಅಂದ ಮೇಲೆ ಅಳತೆ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ಅದನ್ನು ಮುಗಿಸಲು ಬೇರೆ ಯಾರಾದರೂ ಬರುತ್ತಾರೆ ಎಂದು ಅವರ ತಾತ ಹೇಳುತ್ತಿದ್ದರಂತೆ. ಬೇರೆ ಯಾರು ಅಂದರೆ ಕಳ್ಳರಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಇವರ ಆಫೀಸಿನವರು ಒಂದು ಶನಿವಾರ ಎಲ್ಲರೂ ಸೇರಿ ಸಮುದ್ರತೀರದಲ್ಲಿ ಬೈಕು ಓಡಿಸಲು ಹೊರಟರು. ಈಗ ಕ್ವಾಡ್ ಬೈಕು ಎನ್ನುತ್ತಾರಲ್ಲ, ನಾಲ್ಕು ದಪ್ಪ ಟೈರುಗಳದ್ದು, ಅದು ಆಗಿನ್ನೂ ಹೊಸದು. ಮೂರು ಚಕ್ರದ್ದು ಮಗುಚುತ್ತದೆ, ಇದು ಮಗುಚುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೆ ಅಷ್ಟೇನೂ ಮನಸ್ಸಿರಲಿಲ್ಲ. ಆದರೆ ಇವರಿಗೆ ಹುಬ್ಬಳ್ಳಿಯಲ್ಲಿ ಬುಲೆಟ್ ಓಡಿಸಿದ ದಿನಗಳು ನೆನಪಾಗಿ ವಾರವಿಡೀ ಅದೇ ಮಾತು. ಚಿತ್ರಾನ್ನ ಕಟ್ಟಿಕೊಂಡು, ಬೇಸಿಗೆ ತಾನೇ ಎಂದು ತೆಳ್ಳನೆಯ ಹತ್ತಿಬಟ್ಟೆ ಹಾಕಿಕೊಂಡು ಹೊರಟೆವು. ಈ ಊರಿನಲ್ಲಿ ಬೇಸಿಗೆ ನಂಬಿ ಸಮುದ್ರದ ಕಡೆಗೆ ಹೋಗಬಾರದೆಂದು ಅಷ್ಟು ಹೊತ್ತಿಗೆ ಕಲಿತಿರಬೇಕಿತ್ತು, ಕಲಿತಿರಲಿಲ್ಲ.

ಗೋಲ್ಡನ್ ಗೇಟ್ ಸೇತುವೆ ದಾಟಿ, ಫ್ರೀವೇ ಬಿಟ್ಟು, ಹೊಟ್ಟೆ ತೊಳಸುವಂಥ ತಿರುವುಗಳ ಮೇಲೆ ಬಹಳ ಹೊತ್ತು ಹೋದರೆ ಒಂದು ದನದ ರಾಂಚು. ಅದರ ಜಮೀನು ಗುಡ್ಡದಿಂದ ಇಳಿದು ನೇರ ಸಮುದ್ರಕ್ಕೇ ಹೋಗುತ್ತದೆ. ಹೆಸರು ಹೇಳುವುದಿಲ್ಲ, ಈಗ ಅದು ಬೇರೆಯವರ ಕೈಗೆ ಹೋಗಿದೆ. ಗೈಡ್ ವಾಲ್ಟ್ ಎಂಬ ದಪ್ಪ ಮೀಸೆಯ ಮನುಷ್ಯ, ಮಾತು ಕಮ್ಮಿ. ಅವನನ್ನೂ ಸೇರಿಸಿ ನಾವು ಎಂಟು ಜನ. ಹೆಬ್ಬೆರಳಿನಲ್ಲಿ ಒತ್ತಿದರೆ ಬೈಕು ಮುಂದೆ ಹೋಗುತ್ತದೆ, ಬೆರಳು ತೆಗೆದರೆ ನಿಧಾನವಾಗುತ್ತದೆ ಎಂದು ತೋರಿಸಿಕೊಟ್ಟು, ರಾಂಚಿನ ಅಂಗಳದಲ್ಲಿ ನಾಲ್ಕು ಸುತ್ತು ಹಾಕಿಸಿದ. ಮೋಟರ್‌ಸೈಕಲ್ ಓಡಿಸಿದವರು ಯಾರಿದ್ದೀರಿ ಎಂದು ಕೇಳಿದಾಗ ಇವರೊಬ್ಬರೇ ಕೈಯೆತ್ತಿದರು. ಹಾಗಾದರೆ ಸಾಲಿನ ಕಡೆಯಲ್ಲಿ ನೀನು ಎಂದ ವಾಲ್ಟ್. ಇವರ ಮುಂದೆ ನಾನು, ನನ್ನ ಮುಂದೆ ಇವರ ಆಫೀಸಿನ ಲಿಂಡಾ, ಉಳಿದವರು ಆಕೆಯ ಮುಂದೆ, ಎಲ್ಲರಿಗಿಂತ ಮೊದಲು ವಾಲ್ಟ್.

ಅವನದು ಒಂದು ಕ್ರಮವಿತ್ತು. ಅಲ್ಲಲ್ಲಿ ನಿಲ್ಲಿಸುತ್ತಾನೆ. ನಿಂತ ಕೂಡಲೇ ಎಲ್ಲರೂ ಎಂಜಿನ್ ಆರಿಸಬೇಕು. ಆಮೇಲೆ ಕಡೆಯವನು ಜೋರಾಗಿ ‘ಒನ್’ ಎನ್ನಬೇಕು, ಅವನ ಮುಂದಿನವರು ‘ಟೂ’, ಹೀಗೆ ಎಣಿಕೆ ಹಿಂದಿನಿಂದ ಮುಂದಕ್ಕೆ ಬಂದು ವಾಲ್ಟನನ್ನು ಮುಟ್ಟಬೇಕು. ಅವನು ‘ಎಯ್ಟ್’ ಅಂದರೆ ಸಾಲು ಪೂರ್ತಿ ಇದೆ ಎಂದರ್ಥ, ಹೊರಡಬಹುದು. ಹಿಂದಿನವರ ದನಿ ಕೇಳಿಸದೆ ನಿಮ್ಮ ನಂಬರು ಹೇಳಬೇಡಿ ಎಂದು ಒಬ್ಬೊಬ್ಬರ ಮುಖ ನೋಡಿ ಹೇಳಿದ. ಒಬ್ಬೊಬ್ಬರೂ ತಮ್ಮ ಹಿಂದಿನವರೊಬ್ಬರ ಮೇಲೆ ಕಿವಿ ಇಟ್ಟರೆ ಸಾಕು. ಒಳ್ಳೆಯ ಪದ್ಧತಿ, ಎಣಿಸುವವಳಾದ ನನಗೆ ತುಂಬ ಹಿಡಿಸಿತು.

ಅಂಗಳದಲ್ಲಿ ಮೊದಲ ಸಲ ಎಣಿಸಿದಾಗ ಏನಾಯಿತೆಂದು ನೀವು ಊಹಿಸಿರಬಹುದು. ಹಿಂದಿನಿಂದ ‘ಲಾಭ’ ಎಂದು ಕೇಳಿಸಿತು. ಅಭ್ಯಾಸಬಲ! ನಾನು ನಗು ತಡೆಯಲಾರದೆ ‘ಟೂ’ ಅಂದೆ. ಲಿಂಡಾ ತಿರುಗಿ, ಏನದು ಎಂದು ಕೇಳಿದಳು. ಪ್ರಾಫಿಟ್ಟು ಎಂದು ವಿವರಿಸಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಮಿಸ್ಟರ್ ಪ್ರಾಫಿಟ್ ಎಂದು ಇವರಿಗೆ ಹೆಸರಿಟ್ಟೇ ಬಿಟ್ಟಳು. ಇವರಿಗೂ ಹುರುಪು ಬಂದು, ದಿನಪೂರ್ತಿ ತಾನು ಹಾಗೇ ಹೇಳುವುದು ಎಂದು ಘೋಷಿಸಿದರು. ವಾಲ್ಟ್ ಮಾತ್ರ, ಏನಾದರೂ ಹೇಳು, ಜೋರಾಗಿ ಹೇಳು ಎಂದ.

ಗುಡ್ಡ ಇಳಿದು ತೀರಕ್ಕೆ ಬಂದಾಗ ಮಧ್ಯಾಹ್ನ ಕಳೆದಿತ್ತು, ಬಿಸಿಲು ಚೆನ್ನಾಗಿಯೇ ಇತ್ತು. ನಾನು ಅಂಥ ತೀರವನ್ನು ನೋಡಿರಲಿಲ್ಲ. ಮರಳೆಲ್ಲ ಕಪ್ಪು. ಕೈಗೆ ತೆಗೆದುಕೊಂಡರೆ ಸಾಸಿವೆಯಷ್ಟು ದಪ್ಪದ ಕಾಳು ಕಾಳು. ಯಾವ ಕಾಲದಲ್ಲೋ ಸಮುದ್ರದ ತಳದಲ್ಲಿ ಜ್ವಾಲಾಮುಖಿ ಬಾಯಿಬಿಟ್ಟು, ಅದರ ಕಾದ ರಸ ನೀರಿಗೆ ಸಿಕ್ಕ ಕೂಡಲೇ ಉಂಡೆ ಉಂಡೆಯಾಗಿ ಗಟ್ಟಿಯಾಯಿತಂತೆ. ಆ ಉಂಡೆಗಳೇ ಒಂದರ ಮೇಲೊಂದು ಪೇರಿಸಿಕೊಂಡು ತೀರದ ಬದಿಯಲ್ಲಿ ಎತ್ತರದ ಗೋಡೆಯಾಗಿ ನಿಂತಿದ್ದವು. ಜನ ಅವುಗಳನ್ನು ದಿಂಬು ಎನ್ನುತ್ತಾರೆ ಎಂದ ವಾಲ್ಟ್. ಇವರಿಗೆ ದಿಂಬು ಕಾಣಲಿಲ್ಲ. ಬೈಕಿನಿಂದ ಇಳಿದು ಹತ್ತಿರ ಹೋಗಿ ನನ್ನನ್ನು ಕರೆದರು.

“ಏ, ಇಲ್ನೋಡ. ಚೀಲ ಪೇರಿಸಿದಂಗs ಐತಲ್ಲ. ನಮ್ಮ ಮುತ್ಯಾನ ಅಂಗಡ್ಯಾಗ ಹಿಂಗs ಒಟ್ಟತಿದ್ರು.”

ನಿಜ, ಹೊಟ್ಟೆ ಉಬ್ಬಿದ ಅಕ್ಕಿಚೀಲಗಳೇ. ಕೆಳಗಿನದು ಭಾರಕ್ಕೆ ಚಪ್ಪಟೆಯಾಗಿ, ಮೇಲಿನದು ಅದರ ಮೇಲೆ ಜೋತುಬಿದ್ದು, ಥೇಟ್ ಹಾಗೇ. ಇವರು ಅಂಗೈಯಿಂದ ಎಲ್ಲಕ್ಕಿಂತ ಕೆಳಗಿನ ಕಲ್ಲನ್ನು ತಟ್ಟಿ, ಅಂಗಡಿಯಲ್ಲಿ ತಾತ ತಟ್ಟುತ್ತಿದ್ದ ಹಾಗೆಯೇ ಇರಬೇಕು, ರಾಗವಾಗಿ “ಲಾಭ” ಅಂದರು. ಅಷ್ಟರಲ್ಲಿ ವಾಲ್ಟ್ ಸಿಳ್ಳೆ ಹಾಕಿದ. ಸಮುದ್ರದ ಮೇಲೆ ದೂರದಲ್ಲಿ ಮಂಜು ಎದ್ದಿತ್ತು, ಅದು ಬಂದು ಮುಟ್ಟುವುದರೊಳಗೆ ತೀರದ ಆ ತುದಿಗೆ ಹೋಗಿ ಗುಡ್ಡ ಹತ್ತಬೇಕಿತ್ತು. ಇವರು ಓಡಿಬಂದು ಬೈಕು ಹತ್ತಿದರು. ‘ಎರಡು’ ಬರಲೇ ಇಲ್ಲ, ಎಣಿಕೆ ಅಲ್ಲಿಗೇ ನಿಂತಿತು. ಆಗ ನಾನಿದನ್ನು ಗಮನಿಸಲೇ ಇಲ್ಲ. ಮೂರು ಹೊತ್ತೂ ಕೇಳುವ ಮಾತು, ಗಮನಿಸುವುದಕ್ಕೇನಿತ್ತು?

ಮಂಜು ನಾವು ಎಣಿಸಿದ್ದಕ್ಕಿಂತ ಬೇಗ ಬಂತು. ಮೊದಲು ಬಿಸಿಲು ಮಾಸಿತು, ಆಮೇಲೆ ನೀರು ಕಾಣದಾಯಿತು. ಸದ್ದು ಮಾತ್ರ ಹತ್ತಿರವಾಗುತ್ತಾ ಬಂತು. ಹಾಕಿದ್ದ ಹತ್ತಿಬಟ್ಟೆ ಒದ್ದೆಯಾಗಿ ಮೈಗೆ ಅಂಟಿಕೊಂಡಿತು. ವಾಲ್ಟ್ ಎಲ್ಲರಿಗೂ ದೀಪ ಹಾಕಲು ಹೇಳಿ ಸಾಲನ್ನು ನಿಧಾನ ಮಾಡಿದ. ಒಮ್ಮೆ ನಿಲ್ಲಿಸಿದಾಗ ಎಣಿಕೆ ಸರಿಯಾಗಿ ಬಂತು. ಇವರು ನನ್ನ ಹಿಂದೆಯೇ ನಿಂತು ಹಲ್ಲು ಕಟಕಟಿಸುತ್ತಾ ‘ಲಾಭ’ ಅಂದದ್ದು, ನಾನು ತಿರುಗಿ ಅವರ ಮುಖ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹೆಲ್ಮೆಟ್ಟಿನ ಕೆಳಗೆ ಮೂಗು ಕೆಂಪಾಗಿತ್ತು. ನಾನು ಅವರ ಮುಖವನ್ನು ಅಷ್ಟು ಸ್ಪಷ್ಟವಾಗಿ ನೋಡಿದ್ದು ಅದೇ ಕಡೆ, ಆ ಸಂಜೆಯ ಮಟ್ಟಿಗೆ.

ಆಮೇಲೆ ಒಂದು ತೊರೆ ಸಿಕ್ಕಿತು. ಗುಡ್ಡದಿಂದ ಇಳಿದು ಮರಳಿನಲ್ಲಿ ಅಗಲವಾಗಿ ಹರಡಿ ಸಮುದ್ರ ಸೇರುವ ನೀರು, ಮೊಣಕಾಲಿನಷ್ಟೂ ಇರಲಿಲ್ಲ. ಒಬ್ಬೊಬ್ಬರಾಗಿ ದಾಟಿದೆವು. ನಾನು ದಾಟಿ ಹಿಂದೆ ನೋಡಿದಾಗ ಇವರ ದೀಪ ನೀರಿಗೆ ಇಳಿಯುತ್ತಿತ್ತು. ಮುಂದೆ ಒಂದು ಬಂಡೆಯ ಮೂಲೆ ತಿರುಗಿ ಸ್ವಲ್ಪ ದೂರ ಹೋದ ಮೇಲೆ ವಾಲ್ಟ್ ನಿಲ್ಲಿಸಿದ. ಎಂಜಿನ್‌ಗಳು ಒಂದೊಂದಾಗಿ ಆರಿದವು. ನಾನು ತಿರುಗಿ ನೋಡಿದೆ. ಹಿಂದೆ ಒಂದು ದೀಪವಿತ್ತು. ಮಂಜಿನಲ್ಲಿ ಹಳದಿಯಾಗಿ, ಅಂಚು ಕರಗಿದ ಹಾಗೆ, ಮಾಮೂಲಿಗಿಂತ ಸ್ವಲ್ಪ ದೂರದಲ್ಲಿ.

‘ಲಾಭ.’

ಇವರದೇ ದನಿ. ಅದರಲ್ಲಿ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಮದುವೆಯಾಗಿ ಅಷ್ಟು ವರ್ಷವಾದ ಮೇಲೆ ಗಂಡನ ದನಿ ಗೊತ್ತಾಗುವುದಿಲ್ಲವೇ? ಆದರೆ ನಗು ಇರಲಿಲ್ಲ ಅದರಲ್ಲಿ. ಮೆಲ್ಲಗೆ, ರಾಗವಾಗಿ, ಚೀಲ ತಟ್ಟಿದಾಗ ಹೇಳಿದಂತೆ ಇತ್ತು. ಚಳಿಗೆ ಸೊರಗಿದ್ದಾರೆ ಅಂದುಕೊಂಡು ನಾನು ‘ಟೂ’ ಅಂದೆ. ಲಿಂಡಾ ‘ತ್ರೀ’ ಅಂದಳು. ಎಣಿಕೆ ಮುಂದೆ ಹೋಗಿ ವಾಲ್ಟನನ್ನು ಮುಟ್ಟಿತು. ಆ ನಡುವೆ ನಾನು ಹಿಂದಕ್ಕೆ ತಿರುಗಿ, “ರೀ, ತುಂಬ ಚಳಿ ಆಗ್ತಿದ್ಯಾ?” ಎಂದು ಕೂಗಿದೆ. ಉತ್ತರ ಬರಲಿಲ್ಲ. ಹೆಲ್ಮೆಟ್ಟಿನೊಳಗೆ ಕೇಳಿಸಿರಲಾರದು ಎಂದುಕೊಂಡೆ. ದೀಪ ಹಾಗೇ ಇತ್ತು.

ಅಲ್ಲಿಂದ ಮುಂದೆ ನನಗೆ ಒಂದು ಕ್ಷಣವೂ ನೆಮ್ಮದಿ ಇರಲಿಲ್ಲ. ಏಕೆಂದು ಹೇಳಲಾರೆ. ಸೀಟಿನ ಮೇಲೆ ಸರಿಯಾಗಿ ಕೂರಲಾಗುತ್ತಿರಲಿಲ್ಲ, ಮತ್ತೆ ಮತ್ತೆ ಹಿಂದೆ ತಿರುಗಬೇಕು ಅನಿಸುತ್ತಿತ್ತು. ತಿರುಗಿದಾಗಲೆಲ್ಲ ದೀಪ ಅಷ್ಟೇ ದೂರದಲ್ಲಿ ಇರುತ್ತಿತ್ತು. ನಾನು ಬೇಕೆಂದೇ ನಿಧಾನ ಮಾಡಿದೆ, ಅದು ಹತ್ತಿರ ಬರಲಿಲ್ಲ. ಲಿಂಡಾಳನ್ನು ಹಿಡಿಯಲು ಜೋರಾಗಿ ಹೋದೆ, ಅದು ಹಿಂದೆ ಬೀಳಲಿಲ್ಲ. ಗುಂಡಿಗಳ ಮೇಲೆ ನನ್ನ ದೀಪ ಕುಣಿಯುತ್ತಿತ್ತು, ಲಿಂಡಾಳದೂ ಕುಣಿಯುತ್ತಿತ್ತು. ಹಿಂದಿನದು ಅಲುಗಾಡುತ್ತಿರಲಿಲ್ಲ. ಬುಲೆಟ್ ಓಡಿಸಿದ ಕೈ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗುಡ್ಡ ಹತ್ತುವ ದಾರಿಯ ಬುಡದಲ್ಲಿ ವಾಲ್ಟ್ ಮತ್ತೆ ನಿಲ್ಲಿಸಿದ. ಮತ್ತೆ ಎಂಜಿನ್ ಆರಿಸಿದೆವು. ಈ ಸಲ ನಾನು ತಿರುಗುವುದಕ್ಕೂ ಮೊದಲೇ, ನನ್ನ ಬೆನ್ನಿಗೇ ಅಂಟಿಕೊಂಡಷ್ಟು ಹತ್ತಿರದಲ್ಲಿ, ‘ಲಾಭ’ ಎಂದು ಕೇಳಿಸಿತು. ಮುಂದಿದ್ದ ಲಿಂಡಾ ನಕ್ಕು, ಮಿಸ್ಟರ್ ಪ್ರಾಫಿಟ್‌ಗೆ ಇನ್ನೂ ಸುಸ್ತಾಗಿಲ್ಲ ಅಂದಳು. ಆಕೆ ಕೇಳಿಸಿಕೊಂಡಳೆಂಬುದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ನಾನು ‘ಟೂ’ ಎಂದು ಹೇಳುತ್ತಲೇ ತಿರುಗಿದೆ. ದೀಪ ಅದೇ ದೂರದಲ್ಲಿತ್ತು.

ಗುಡ್ಡದ ದಾರಿ ಕಡಿದಾಗಿತ್ತು, ಹಿಂದೆ ನೋಡುವಂತಿರಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದು ಹತ್ತಿದೆ. ಅರ್ಧ ದಾರಿಯಲ್ಲೇ ಮಂಜು ಹರಿದು, ಮೇಲೆ ರಾಂಚಿನ ಅಂಗಳಕ್ಕೆ ಬಂದಾಗ ಸಂಜೆಯ ಬಿಸಿಲು ಇನ್ನೂ ಹುಲ್ಲಿನ ಮೇಲೆ ಬಿದ್ದಿತ್ತು. ಬೈಕು ಆರಿಸಿ ತಿರುಗಿದೆ. ದಾರಿ ಕೆಳಗಿನವರೆಗೂ ಖಾಲಿಯಾಗಿತ್ತು.

ಬರುತ್ತಾರೆ ಎಂದು ಎಲ್ಲರೂ ನಿಂತೆವು. ಬರಲಿಲ್ಲ. ವಾಲ್ಟ್ ಎರಡು ಸಲ ಸಿಳ್ಳೆ ಹಾಕಿದ. ಕೆಳಗಿನಿಂದ ಎಂಜಿನ್ನಿನ ಸದ್ದೂ ಇರಲಿಲ್ಲ. ಬುಡದಲ್ಲಿ ಎಣಿಕೆ ಪೂರ್ತಿ ಬಂದಿತ್ತು ತಾನೇ ಎಂದು ಅವನು ನನ್ನನ್ನೇ ನೋಡಿ ಕೇಳಿದ. ಬಂದಿತ್ತು, ಲಿಂಡಾಳೂ ಕೇಳಿಸಿಕೊಂಡಿದ್ದಾಳೆ ಅಂದೆ. ಹಾಗಾದರೆ ದಾರಿಯಲ್ಲೇ ಎಲ್ಲೋ ಎಂಜಿನ್ ನಿಂತಿದೆ ಎಂದು ಅವನು ತನ್ನ ಬೈಕು ತಿರುಗಿಸಿದ. ನಾನು ಕೇಳದೆ ಹೇಳದೆ ಅವನ ಹಿಂದೆ ಹತ್ತಿ ಕೂತೆ. ಇಳಿ ಎಂದ, ಇಳಿಯಲಿಲ್ಲ. ವಾದ ಮಾಡಲು ಹೊತ್ತಿಲ್ಲವೆಂದು ಅವನು ಬೈಕು ಹೊರಡಿಸಿದ.

ದಾರಿಯಲ್ಲಿ ಯಾರೂ ಇರಲಿಲ್ಲ. ಬುಡದಲ್ಲಿ ಯಾರೂ ಇರಲಿಲ್ಲ. ತೀರದ ಮೇಲೆ ಮಂಜಿನೊಳಗೆ ಹಿಂದಕ್ಕೆ ಹೊರಟೆವು. ನೀರು ಏರುತ್ತಿತ್ತು. ನಾವು ಸ್ವಲ್ಪ ಹೊತ್ತಿನ ಮುಂಚೆ ಬಂದ ದಾರಿಯ ಮೇಲೆಯೇ ಅಲೆಗಳು ಬಂದು ಹೋಗುತ್ತಿದ್ದವು, ಟೈರಿನ ಗುರುತುಗಳು ಅಳಿಸಿಹೋಗಿದ್ದವು. ನಾನು “ರೀ, ರೀ” ಎಂದು ಕೂಗುತ್ತಿದ್ದೆ. ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ದೇವರನ್ನು ನಂಬದವಳು ಯಾರ್ಯಾರ ಹೆಸರು ಹೇಳಿ ಹರಕೆ ಹೊತ್ತೆನೋ ಕೇಳಬೇಡಿ, ಅದರಲ್ಲಿ ಅರ್ಧ ಇಂದಿಗೂ ತೀರಿಸಿಲ್ಲ. ತೊರೆ ದಾಟಿದ ಮೇಲೆ ಮೊದಲ ಸಲ ನಿಂತಿದ್ದ ಜಾಗ ದಾಟಿತು. ಬಂಡೆಯ ಮೂಲೆ ದಾಟಿತು. ಇಷ್ಟು ಹಿಂದೆ ಇರಲು ಸಾಧ್ಯವೇ ಇಲ್ಲ, ಇಲ್ಲಿಂದ ಹೋದ ಮೇಲೆ ಎರಡು ಸಲ ಎಣಿಸಿದ್ದೇವೆ ಎಂದು ವಾಲ್ಟ್ ತಿರುಗಿಸಲು ಹೊರಟಿದ್ದ. ನಾನು ಅವನ ಭುಜ ಹಿಡಿದು ಅಲುಗಾಡಿಸಿ ಮುಂದೆ ಹೋಗು ಎಂದು ಕಿರುಚಿದೆ.

ಇವರು ತೊರೆಯಲ್ಲಿದ್ದರು. ನಾನು ಅವರ ದೀಪ ನೀರಿಗೆ ಇಳಿಯುವುದನ್ನು ನೋಡಿದ್ದೆನಲ್ಲ, ಅಲ್ಲೇ. ಒಂದು ಚಕ್ರ ಮೆತ್ತನೆಯ ಮರಳಿನಲ್ಲಿ ಹೂತು ಬೈಕು ಪಕ್ಕಕ್ಕೆ ಮಗುಚಿತ್ತು. ಇವರ ಒಂದು ಕಾಲು ಅದರ ಕೆಳಗೆ. ದೀಪ ಒಡೆದುಹೋಗಿತ್ತು. ತೊರೆಯ ನೀರಿಗೆ ಸಮುದ್ರದ ನೀರೂ ಸೇರಿ ಅವರ ಎದೆಯವರೆಗೆ ಬಂದಿತ್ತು, ಅಲೆ ಬಂದಾಗ ಗಲ್ಲ ಮುಟ್ಟುತ್ತಿತ್ತು. ವಾಲ್ಟ್ ಬೈಕು ಎತ್ತಿದ, ನಾನು ಕಂಕುಳಲ್ಲಿ ಕೈ ಹಾಕಿ ಎಳೆದೆ. ಹೇಗೆ ಎಳೆದೆನೋ ಗೊತ್ತಿಲ್ಲ. ದಡದ ಮೇಲೆ ಹಾಕಿದ ಮೇಲೆ ಅವರು ನೀಲಿಗಟ್ಟಿದ ತುಟಿಯಲ್ಲಿ ಮೊದಲು ಆಡಿದ ಮಾತು ಬೈಗುಳ.

“ಎಷ್ಟೊತ್ತು ಮಾಡ್ತಿ? ಲಾಭ ಲಾಭ ಅಂತ ನಾ ಇಲ್ಲಿ ಬಡ್ಕೊಳ್ಳಾಕತ್ತೀನಿ, ನೀ ಅಲ್ಲೇ ನಿಂತು ಟೂ ಟೂ ಅಂತ ಒದರಾಕತ್ತಿ. ನಾಕ ಹೆಜ್ಜಿ ಬರಾಕ ಏನಾಗಿತ್ತು ನಿನಗ?”

ನಾನು ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ, ಅಷ್ಟೇ.

ಕಾಲಿನ ಮೂಳೆ ಮುರಿದಿತ್ತು. ಆಸ್ಪತ್ರೆ, ಪ್ಲಾಸ್ಟರು, ಊರಿಗೆ ತಿಳಿಸಬೇಕೋ ಬೇಡವೋ ಎಂಬ ತಲೆಬಿಸಿ, ಇವೆಲ್ಲ ಮುಗಿದು ಮನೆಗೆ ಬಂದ ಮೇಲೆಯೇ ನಾನು ಯೋಚಿಸಲು ಕೂತದ್ದು. ಲಾಯರಮ್ಮ ತನ್ನನ್ನೇ ಕಟಕಟೆಗೆ ಹತ್ತಿಸಿಕೊಂಡಳು. ಮಂಜಿನಲ್ಲಿ, ನೀರಿನ ಮೇಲೆ ದನಿ ಬಹಳ ದೂರ ಹೋಗುತ್ತದೆ. ಅವರು ತೊರೆಯಲ್ಲಿ ಕೂಗಿದ್ದು ನನಗೆ ಕೇಳಿಸಿರಬಹುದು, ನನ್ನದು ಅವರಿಗೆ. ಸರಿ. ಆದರೆ ನಡುವೆ ಬಂಡೆಯ ಮೂಲೆ ಇತ್ತು, ಅಲೆಗಳ ಸದ್ದಿತ್ತು. ಗುಡ್ಡದ ಬುಡದಲ್ಲಿ ಕೇಳಿಸಿದ್ದು ನನ್ನ ಬೆನ್ನ ಹಿಂದೆಯೇ. ದೀಪ ಮೇಲಿನ ರಸ್ತೆಯಲ್ಲಿ ಹೋಗುವ ಕಾರಿನದಿರಬಹುದು. ಆದರೆ ಯಾವ ಕಾರು ನಾನು ನಿಂತಾಗ ನಿಂತು, ಹೊರಟಾಗ ಹೊರಡುತ್ತದೆ? ಬೇರೆ ಯಾರೋ ತಮಾಷೆ ಮಾಡಿರಬಹುದು. ಆದರೆ ಆ ತೀರದಲ್ಲಿ ಆ ಮಾತನ್ನು ಹಾಗೆ ಹೇಳಬಲ್ಲವರು ಒಬ್ಬರೇ, ಅವರು ನೀರಿನಲ್ಲಿದ್ದರು. ಇನ್ನೂ ಒಂದು. ನಾನು ‘ಟೂ’ ಅಂದದ್ದು ನಿಂತಾಗ ಮಾತ್ರ, ಇವರು ಬಿದ್ದ ಮೇಲೆ ಬರೀ ಎರಡು ಸಲ. ಇವರೋ, ಪೂರ್ತಿ ಹೊತ್ತೂ ನಾನು ಬಿಡದೆ ಉತ್ತರ ಕೊಡುತ್ತಿದ್ದೆ ಎಂದು ಸಾಧಿಸುತ್ತಾರೆ. ನೀನು ಅಲ್ಲೇ ಇದ್ದಿ ಎಂಬ ಧೈರ್ಯದ ಮೇಲೆಯೇ ತಾನು ಕಣ್ಣು ಮುಚ್ಚದೆ ಇದ್ದದ್ದು ಎನ್ನುತ್ತಾರೆ.

ನನ್ನನ್ನು ಇಂದಿಗೂ ಕೊರೆಯುವುದು ಇದೇ. ಆ ಒಂದು ಮಾತು ನನಗೆ ಕೇಳಿಸದೆ ಹೋಗಿದ್ದರೆ ನಾವು ಬಂಡೆಯ ಹತ್ತಿರವೇ ತಿರುಗಿ, ನೀರು ಏರುವ ಮೊದಲೇ ಅವರನ್ನು ಎತ್ತುತ್ತಿದ್ದೆವು. ಅವರಿಗೆ ಕೇಳಿಸಿದ ದನಿ ಕೇಳಿಸದೆ ಹೋಗಿದ್ದರೆ ಅವರು ಕೈಚೆಲ್ಲಿ ನೀರು ಕುಡಿದಿರುತ್ತಿದ್ದರು. ನನ್ನನ್ನು ಅವರಿಂದ ದೂರ ಕರೆದೊಯ್ದದ್ದೂ ಅವರನ್ನು ಉಳಿಸಿದ್ದೂ ಒಂದೇ ಏನು? ಅದಕ್ಕೆ ಕೈ ಮುಗಿಯಬೇಕೋ ಬಯ್ಯಬೇಕೋ ನನಗೆ ಗೊತ್ತಿಲ್ಲ. ವಾಲ್ಟ್ ಒಮ್ಮೆ ಆಸ್ಪತ್ರೆಗೆ ಬಂದು ನೋಡಿಕೊಂಡು ಹೋದ. ಹೊರಡುವಾಗ ಕಾರಿಡಾರಿನಲ್ಲಿ ನಿಂತು, ಮಂಜು ಕಿವಿಯ ಜೊತೆ ಆಟವಾಡುತ್ತದೆ ಎಂದ. ಆಮೇಲೆ ನನ್ನ ಮುಖ ನೋಡದೆ, ಆದರೆ ಗುಡ್ಡದ ಬುಡದಲ್ಲಿ ತಾನೂ ಆ ದೀಪ ನೋಡಿದ್ದಾಗಿ ಹೇಳಿದ.

ಇದು ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಪಾಟ್‌ಲಕ್ಕಿನಲ್ಲಿ ಬೇರೆಯವರ ಕತೆಗೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ, ಅಷ್ಟರಲ್ಲೇ ಬಿಟ್ಟುಬಿಡಬಹುದಿತ್ತು.

ವರ್ಷಗಳು ಕಳೆದವು, ಮಗಳು ಹುಟ್ಟಿದಳು, ಸರಟೋಗಾದಲ್ಲಿ ಮನೆ ಮಾಡಿದೆವು. ಇವರ ಕಾಲು ನೆಟ್ಟಗಾಯಿತು, ಚಳಿಯಲ್ಲಿ ಮಾತ್ರ ಸ್ವಲ್ಪ ಎಳೆಯುತ್ತದೆ. ಅಡುಗೆಮನೆಯಲ್ಲಿ ಅಕ್ಕಿ ಅಳೆಯುವ ಕೆಲಸ ಮೊದಲಿನಿಂದಲೂ ಅವರದೇ. ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಹೊಸತು, ಎಣಿಕೆ ಕಲಿತ ಹುರುಪು. ಒಂದು ದಿನ ಅಪ್ಪ ಅಕ್ಕಿ ಅಳೆಯುವುದನ್ನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವಳು ನನ್ನ ಹತ್ತಿರ ಓಡಿಬಂದು ಇಂಗ್ಲಿಷಿನಲ್ಲಿ ದೂರು ಹೇಳಿದಳು: ಅಮ್ಮಾ, ಅಪ್ಪನಿಗೆ ಎಣಿಸೋಕೆ ಬರಲ್ಲ, ಎರಡರಿಂದ ಶುರು ಮಾಡ್ತಾರೆ!

ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಗಮನಿಸಿರಲಿಲ್ಲ. ಅವರು ಲಾಭ ಅನ್ನುವುದನ್ನು ಬಿಟ್ಟಿದ್ದು ಗೊತ್ತಿತ್ತು, ಅದರಲ್ಲಿ ಆಶ್ಚರ್ಯವೂ ಇರಲಿಲ್ಲ. ಆದರೆ ಅದರ ಬದಲು ‘ಒಂದು’ ಅನ್ನುತ್ತಿದ್ದಾರೆ ಎಂದುಕೊಂಡಿದ್ದೆ. ಅಂದು ಮಗಳು ಮಲಗಿದ ಮೇಲೆ ಕೇಳಿದೆ. ಮೊದಲು ಏನೇನೋ ಹೇಳಿ ಹಾರಿಸಿದರು. ನಾನು ಬಿಡಲಿಲ್ಲ. ಕೊನೆಗೆ ಸಿಂಕಿನ ಕಡೆ ಮುಖ ಮಾಡಿ, ಕೈ ಒರೆಸಿಕೊಳ್ಳುತ್ತಾ ಹೇಳಿದರು.

“ಅವತ್ತ ಕಡೀಕಡೀಕ ನನ್ನ ಗಂಟಲಾ ಕಟ್ಟಿತ್ತು. ಕೂಗೂದು ಬಿಟ್ಟಿದ್ದೆ.”

“ಮತ್ತೆ ನಾನು ಟೂ ಅಂತಿದ್ದೆ ಅಂದ್ರಲ್ಲ?”

“ನೀ ಅಂತಿದ್ದಿ. ನಾ ಸುಮ್ನಿದ್ದೆ. ನನ್ನ ಹಿಂದ, ಸಮುದ್ರದ ಕಡಿಂದ, ಯಾರೋ ಲಾಭ ಅಂತಿದ್ರು. ಅದಕ್ಕ ನೀ ಟೂ ಅಂತಿದ್ದಿ.”

ಯಾರ ದನಿ ಎಂದು ಕೇಳಿದೆ. ಅವರ ತಾತನ ಹೆಸರು ಹೇಳುತ್ತಾರೆ, ಹೇಳಿದರೆ ಒಂದು ರೀತಿ ಸಮಾಧಾನವಾದರೂ ಆದೀತು ಅಂದುಕೊಂಡೆ.

“ನಂದs,” ಅಂದರು.

ಅದಾದ ಮೇಲೆ ನಾವಿಬ್ಬರೂ ಆ ಮಾತೆತ್ತಿಲ್ಲ. ನನ್ನ ಗಂಡ ನನಗೆ ವಾಪಸ್ ಸಿಕ್ಕಿದ್ದಾರೆ, ಅದಕ್ಕಿಂತ ಹೆಚ್ಚು ಕೇಳಲು ನನಗೆ ಧೈರ್ಯವಿಲ್ಲ. ಆದರೆ ಸಂಜೆ ಅವರು ಅಕ್ಕಿಡಬ್ಬ ತೆಗೆದ ಸದ್ದು ಕೇಳಿಸಿದರೆ ಸಾಕು, ಕೈಯಲ್ಲಿರುವ ಕೆಲಸ ನಿಲ್ಲುತ್ತದೆ. ಮೊದಲ ಪಾವು ಪಾತ್ರೆಗೆ ಬೀಳುತ್ತದೆ. ಅವರು ಏನೂ ಹೇಳುವುದಿಲ್ಲ. ಸ್ವಲ್ಪ ತಡೆದು, ಬೇರೆ ಯಾರಿಗೋ ಅವಕಾಶ ಕೊಟ್ಟಂತೆ ತಡೆದು, “ಎರಡು” ಎನ್ನುತ್ತಾರೆ. ಆ ತಡೆದ ಹೊತ್ತಿನಲ್ಲಿ ನಾನು ಪಕ್ಕದ ಹಾಲ್‌ನಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಇಷ್ಟು ವರ್ಷಗಳಲ್ಲಿ ನನಗೆ ಏನೂ ಕೇಳಿಸಿಲ್ಲ. ಅವರಿಗೆ ಕೇಳಿಸುತ್ತದೆಯೋ ಏನೋ, ನಾನು ಕೇಳಿಲ್ಲ.